ಜೀವ ಉಳಿದಿದೆಯಲ್ಲ, ಇನ್ನೇನು ಬೇಕು?

ಇವತ್ತು ಬೆಳಿಗ್ಗೆ ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದೆ. ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ ಅಂತ ನಿಮಗೆಲ್ಲ ಗೊತ್ತೇ ಇದೆ. ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಅರವತ್ತರ ಆಸುಪಾಸು. ತೊಡೆಯ ಮೇಲೆ ದಪ್ಪ ಫೈಲು. ಆ ಫೈಲಿನ ದಪ್ಪ ನೋಡಿದರೆ ಸಾಕು, ನಮ್ಮಂಥವರಿಗೆ ವಿಷಯ ಗೊತ್ತಾಗಿಬಿಡುತ್ತದೆ. ಮಾತಿಗೆ ಮಾತು ಬೆಳೆಯಿತು. ಅವರಿಗೂ ನನ್ನ ಹಾಗೇ ಪ್ರಾಸ್ಟೇಟ್ ಕ್ಯಾನ್ಸರ್, ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯ ಕ್ಯಾನ್ಸರ್. ಆಪರೇಷನ್ ಆಗಿ ನಾಲ್ಕು ವರ್ಷ. ಅಲ್ಲಿಂದ ಪಿಎಸ್‌ಎ, ಅಂದರೆ ರೋಗ ಮರಳಿದೆಯಾ ಅಂತ ತೋರಿಸುವ ರಕ್ತಪರೀಕ್ಷೆಯ ಲೆಕ್ಕ, ಸೊನ್ನೆಯ ಹತ್ತಿರವೇ ನಿಂತಿದೆ.

"ಹಾಗಾದರೆ ಗೆದ್ದಿರಿ" ಅಂದೆ. ಅವರು ನೆಲ ನೋಡಿದರು. "ಮಧ್ಯಾಹ್ನ ಎರಡಾದರೆ ಕೂತಲ್ಲೇ ಬಿದ್ದುಬಿಡೋಣ ಅನಿಸುತ್ತೆ. ಮೆಟ್ಟಿಲು ಹತ್ತಿದರೆ ಕಾಲು ನನ್ನದೇ ಅಲ್ಲ. ಯಾರ ಜೊತೆಗೂ ಮಾತು ಬೇಡ. ಹೆಂಡತಿಯ ಪಕ್ಕ ಮಲಗಿದರೂ ಗೋಡೆ ಪಕ್ಕ ಮಲಗಿದ ಹಾಗೆ" ಅಂದರು. ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಮುಖ್ಯ ಹಾರ್ಮೋನ್, ಕಡಿಮೆ ಆಗಿರಬಹುದಾ, ಒಮ್ಮೆ ಪರೀಕ್ಷೆ ಮಾಡಬಹುದಾ ಅಂತ ಡಾಕ್ಟರನ್ನು ಕೇಳಿದರಂತೆ. ಬಂದ ಉತ್ತರ: "ಜೀವ ಉಳಿದಿದೆಯಲ್ಲ, ಇನ್ನೇನು ಬೇಕು?"

ಅಷ್ಟೇ. ಪರೀಕ್ಷೆ ಬರೆದುಕೊಡಲಿಲ್ಲ. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಅಂತ ಕೇಳಲಿಲ್ಲ. ಮುಂದಿನವರನ್ನು ಕರೆದರು.

ಮನೆಗೆ ಬಂದು ಮೂರು ಗಂಟೆ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಯಾಕೆಂದರೆ ಇದೇ ಮಾತನ್ನು ನಾನೂ ಕೇಳಿದ್ದೇನೆ. ನನಗೆ ಆಪರೇಷನ್ ಅಲ್ಲ, ರೇಡಿಯೇಷನ್. ಜೊತೆಗೆ ಹಾರ್ಮೋನ್ ತಡೆಯುವ ಇಂಜೆಕ್ಷನ್. ಆ ಇಂಜೆಕ್ಷನ್ ಮಾಡುವ ಕೆಲಸ ಒಂದೇ, ವೃಷಣಗಳು ಟೆಸ್ಟೋಸ್ಟೆರಾನ್ ತಯಾರಿಸದ ಹಾಗೆ ನಿಲ್ಲಿಸುವುದು. ಕ್ಯಾನ್ಸರ್‌ಗೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಆ ಹಾರ್ಮೋನ್ ಹಾಸಿಗೆಗೆ ಮಾತ್ರ ಸಂಬಂಧಪಟ್ಟದ್ದಲ್ಲ ಕಣ್ರೀ. ಮೂಳೆ, ಸ್ನಾಯು, ಕೆಂಪು ರಕ್ತಕಣ, ಮನಸ್ಸಿನ ಹುರುಪು ಎಲ್ಲಕ್ಕೂ ಅದರ ಆಸರೆ ಬೇಕು. ರಾತ್ರಿ ಇದ್ದಕ್ಕಿದ್ದ ಹಾಗೆ ಮೈ ಬೆಂಕಿಯಾಗಿ ಬೆವರಿ ಎದ್ದು ಕೂರುತ್ತಿದ್ದೆ. ನನಗೆ ಏನಾಗುತ್ತಿದೆ ಅಂತ ಮೊದಲು ಅರ್ಥ ಮಾಡಿಕೊಂಡವಳು ನನ್ನ ಹೆಂಡತಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅವಳಿಗೂ ಹೀಗೇ ಆಗಿತ್ತು. ಆಗ ನಾನು ಅವಳನ್ನು ಏನೂ ಕೇಳಿರಲಿಲ್ಲ.

ಇಂಜೆಕ್ಷನ್ ನಿಂತ ತಕ್ಷಣ ಹಾರ್ಮೋನ್ ವಾಪಸ್ ಬರುತ್ತದೆ ಅಂತ ಅಂದುಕೊಂಡಿದ್ದೆ. ಹಾಗಾಗಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷವೂ ದಾಟುತ್ತದೆ. ವಯಸ್ಸಾದವರಲ್ಲಿ ಕೆಲವರಿಗೆ ಬರುವುದೇ ಇಲ್ಲ. ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಸುಸ್ತು ಅಂತ ಹೇಳಿಕೊಂಡು ಹೋದಾಗ ನನಗೆ ಸಿಕ್ಕಿದ್ದೂ ಅದೇ ವಾಕ್ಯ. ಜೀವ ಉಳಿದಿದೆಯಲ್ಲ.

ಉಳಿದಿದೆ. ಕೃತಜ್ಞತೆಯೂ ಇದೆ. ಉಳಿದ ಜೀವವನ್ನು ಹೊತ್ತು ತಿರುಗುವ ಮೈಯ ಬಗ್ಗೆ ಕೇಳಿದರೆ ಅದು ಕೃತಘ್ನತೆ ಹೇಗಾಗುತ್ತದೆ?

"ಟೆಸ್ಟೋಸ್ಟೆರಾನನ್ನು ಔಷಧವಾಗಿ ಹೊರಗಿನಿಂದ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ, ಕ್ಯಾನ್ಸರ್ ಮರಳಿ ಬಂದರೆ ಯಾರು ಹೊಣೆ?" ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಈ ಭಯ ಎಲ್ಲಿಂದ ಬಂತು ಅಂತ ಹುಡುಕಿ ಓದಿದ್ದೇನೆ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಅನ್ನುವ ಡಾಕ್ಟರುಗಳು ಒಂದು ದೊಡ್ಡ ಸತ್ಯ ಕಂಡುಕೊಂಡರು. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರ ವೃಷಣ ತೆಗೆದರೆ ರೋಗ ತಗ್ಗುತ್ತದೆ ಅನ್ನುವುದು ಆ ಸತ್ಯ. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ನನಗೆ ಕೊಟ್ಟ ಇಂಜೆಕ್ಷನ್ನಿನ ಬೇರು ಅಲ್ಲೇ ಇದೆ. ಅವರಿಗೆ ಕೈಮುಗಿಯುತ್ತೇನೆ.

ಆದರೆ ಅವರಿಬ್ಬರು ಬರೆದ ಅದೇ ಸಂಶೋಧನಾ ಬರಹದಲ್ಲಿ ಟೆಸ್ಟೋಸ್ಟೆರಾನ್ ಕೊಟ್ಟರೆ ಕ್ಯಾನ್ಸರ್ ಕೆರಳುತ್ತದೆ ಅಂತಲೂ ಇತ್ತು. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟಿದ್ದು ಮೂವರಿಗೆ. ಫಲಿತಾಂಶ ಬರೆದದ್ದು ಇಬ್ಬರದು. ಆ ಇಬ್ಬರಲ್ಲಿ ಒಬ್ಬರ ವೃಷಣ ಆಗಲೇ ತೆಗೆದಾಗಿತ್ತು. ಅಂದರೆ ಹಾರ್ಮೋನ್ ಸಹಜವಾಗಿದ್ದವರು ಒಬ್ಬರೇ. ಅಬ್ರಹಾಂ ಮಾರ್ಗೆಂಟೇಲರ್ ಅನ್ನುವ ಅಮೆರಿಕದ ಡಾಕ್ಟರ್ ಹಳೇ ಬರಹವನ್ನು ಮತ್ತೆ ಓದಿ ಇದನ್ನು ತೋರಿಸಿದರು. ಅಷ್ಟು ಹೊತ್ತಿಗೆ ಅರವತ್ತು ವರ್ಷ ಕಳೆದಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬ ರೋಗಿಯ ಕೆಲವು ದಿನಗಳ ರಕ್ತಪರೀಕ್ಷೆಯ ಮೇಲೆ ಎಷ್ಟು ತಲೆಮಾರಿನ ಗಂಡಸರ ಬಾಯಿ ಮುಚ್ಚಿಸಿದ್ದಾರೆ, ಅಲ್ವಾ?

ಈಗ ಹೇಳುವ ವಿವರಣೆ ಬೇರೆ. ಪ್ರಾಸ್ಟೇಟ್ ಜೀವಕೋಶದಲ್ಲಿ ಟೆಸ್ಟೋಸ್ಟೆರಾನ್ ಹಿಡಿಯುವ ಜಾಗಗಳು ಲೆಕ್ಕದ್ದು. ತೀರಾ ಕಡಿಮೆ ಮಟ್ಟದಲ್ಲೇ ಅವು ಭರ್ತಿ ಆಗಿಬಿಡುತ್ತವೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಕೊಡ ದೊಡ್ಡದಾಗುವುದಿಲ್ಲ. ಆದರೆ ಖಾಲಿ ಕೊಡದ ವಿಷಯ ಹಾಗಲ್ಲ. ಹಾರ್ಮೋನ್ ಸೊನ್ನೆಯ ಹತ್ತಿರಕ್ಕೆ ಇಳಿಸಿ ಚಿಕಿತ್ಸೆ ನಡೆಯುತ್ತಿರುವವರಿಗೆ, ರೋಗ ಹರಡಿರುವವರಿಗೆ, ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಹಗಿನ್ಸ್ ಕಂಡ ಅಪಾಯವೇ ಎದುರಾಗಬಹುದು. ಇದನ್ನು ಓದಿ ಯಾರೂ ಔಷಧದ ಅಂಗಡಿಗೆ ಓಡಬೇಡಿ. ಜಿಮ್ ಗೆಳೆಯ ಕೊಟ್ಟ ಸೀಸೆ, ಆನ್‌ಲೈನ್‌ನಲ್ಲಿ ತರಿಸಿದ ಜೆಲ್, ಯಾವುದೂ ಬೇಡ. ರಕ್ತ ದಪ್ಪಗಾಗುತ್ತದೆ, ಹೆಮಾಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 54 ದಾಟಿದರೆ ಡಾಕ್ಟರುಗಳೇ ನಿಲ್ಲಿಸುತ್ತಾರೆ. ಜೆಲ್ ಹಚ್ಚಿದ ಮೈ ತಾಗಿದರೆ ಮಕ್ಕಳಿಗೂ ತೊಂದರೆ.

ಹೌದು, ಪ್ರಾಸ್ಟೇಟ್ ಕ್ಯಾನ್ಸರ್ ಆದವರಲ್ಲಿ ಟೆಸ್ಟೋಸ್ಟೆರಾನ್ ಕೊಡುವುದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಿಲ್ಲ. 2023ರಲ್ಲಿ ಟ್ರಾವರ್ಸ್ ಅನ್ನುವ ಅಧ್ಯಯನ ಬಂತು. ಐದು ಸಾವಿರಕ್ಕೂ ಜಾಸ್ತಿ ಗಂಡಸರು ಅದರಲ್ಲಿದ್ದರು. ಟೆಸ್ಟೋಸ್ಟೆರಾನ್ ಹಚ್ಚಿಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಗಮನಾರ್ಹವಾಗಿ ಹೆಚ್ಚಾಗಿರಲಿಲ್ಲ. ಆದರೆ ನಮ್ಮಂಥ ಕ್ಯಾನ್ಸರ್ ಆದವರನ್ನು ಅದಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಆಪರೇಷನ್ ಆದವರ ಮೇಲೆ ನಡೆದ ಸಣ್ಣ ಸಣ್ಣ ಅಧ್ಯಯನಗಳಲ್ಲಿ ರೋಗ ಮರುಕಳಿಸುವುದು ಹೆಚ್ಚಿದಂತೆ ಕಂಡಿಲ್ಲ. ಅಮೆರಿಕದ ಯುರಾಲಜಿ (ಮೂತ್ರರೋಗ) ಡಾಕ್ಟರುಗಳ ಸಂಘದ 2018ರ ಮಾರ್ಗಸೂಚಿ ಹೇಳುವುದು ಇಷ್ಟು: ಲಾಭವೆಷ್ಟು, ಅಪಾಯವೆಷ್ಟು ಅಂತ ಅಳೆಯಲು ಇರುವ ಪುರಾವೆ ಸಾಲದು, ಇದನ್ನು ರೋಗಿಗೆ ತಿಳಿಸಿ. ಕೊನೆಯ ಆ ಎರಡು ಪದವನ್ನು ಮತ್ತೊಮ್ಮೆ ಓದಿ. ರೋಗಿಗೆ ತಿಳಿಸಿ. ಪುರಾವೆ ಸಾಲದು ಅಂತ ಕೂರಿಸಿ ಹೇಳುವುದಕ್ಕೂ, ಇನ್ನೇನು ಬೇಕು ಅಂತ ಗದರುವುದಕ್ಕೂ ಅಜಗಜಾಂತರ ಇದೆ.

ನನ್ನ ಕಥೆಯ ಇನ್ನರ್ಧ ಹೇಳುತ್ತೇನೆ. ಕಳೆದ ವರ್ಷ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಎರಡು ಬೇರೆ ಬೇರೆ ದಿನ ಬೆಳಿಗ್ಗೆ ರಕ್ತ ತೆಗೆಸಿದರು. ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ಮಧ್ಯಾಹ್ನದ ಲೆಕ್ಕ ನಂಬುವಂಥದ್ದಲ್ಲ. ಡೆಸಿಲೀಟರ್‌ಗೆ 300 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ನನ್ನದು ಎರಡು ಸಲವೂ 200ರ ಕೆಳಗೆ. ಥೈರಾಯ್ಡ್ ನೋಡಿದರು, ರಕ್ತಹೀನತೆ ನೋಡಿದರು, ಮೂಳೆಯ ಸ್ಕ್ಯಾನ್ ಮಾಡಿಸಿದರು. ಆಮೇಲೆ ಕೂರಿಸಿಕೊಂಡು "ಟೆಸ್ಟೋಸ್ಟೆರಾನ್ ಬೇಡ, ಸದ್ಯಕ್ಕೆ ಬೇಡ" ಅಂದರು.

ಹೌದು, ಅವರೂ ಬೇಡ ಅಂದರು! ಆದರೆ ಕಾರಣ ಹೇಳಿದರು. ಆಪರೇಷನ್ ಆದವರಲ್ಲಿ ಪ್ರಾಸ್ಟೇಟ್ ಗ್ರಂಥಿಯೇ ಇರುವುದಿಲ್ಲ. ಪಿಎಸ್‌ಎ 0.2 ಮುಟ್ಟಿ, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ರೋಗ ಮರಳಿದೆ ಅಂತ ಬೇಗ ಗೊತ್ತಾಗುತ್ತದೆ. ನನ್ನಂಥ ರೇಡಿಯೇಷನ್ ಆದವರಲ್ಲಿ ಗ್ರಂಥಿ ಒಳಗೇ ಇದೆ. ಪಿಎಸ್‌ಎ ನಿಧಾನಕ್ಕೆ ಇಳಿಯುತ್ತದೆ, ನಡುವೆ ಒಮ್ಮೊಮ್ಮೆ ಏರಿ ಮತ್ತೆ ಇಳಿಯುತ್ತದೆ. ನನ್ನದು ಆಗ ಏರುತ್ತಾ ಇಳಿಯುತ್ತಾ ಇತ್ತು. ಅದು ಒಂದು ಮಟ್ಟಕ್ಕೆ ನಿಲ್ಲದೆ ಟೆಸ್ಟೋಸ್ಟೆರಾನ್ ಕೊಟ್ಟರೆ, ಮುಂದೆ ಏರಿದ್ದು ಯಾವುದರಿಂದ ಅಂತ ಯಾರಿಗೂ ಹೇಳಲು ಬರುವುದಿಲ್ಲ. "ಕಾಯೋಣ, ನಿಂತ ಮೇಲೆ ಮತ್ತೆ ಮಾತಾಡೋಣ" ಅಂದರು. ಅಷ್ಟರವರೆಗೆ ಭಾರ ಎತ್ತುವ ವ್ಯಾಯಾಮ, ಮೂಳೆಗೆ ಮಾತ್ರೆ. ವ್ಯಾಯಾಮದಿಂದ ಸುಸ್ತು ಪೂರ್ತಿ ಹೋಗಿಲ್ಲ, ಆದರೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು ತಪ್ಪಿದೆ.

ಅವತ್ತು ಆಚೆ ಬಂದು ಅತ್ತೆ. ಔಷಧ ಸಿಗಲಿಲ್ಲ ಅಂತಲ್ಲ. ನನ್ನ ಸುಸ್ತಿಗೆ ಒಂದು ಹೆಸರಿದೆ, ಒಂದು ಸಂಖ್ಯೆ ಇದೆ, ಅದು ನನ್ನ ಸೋಮಾರಿತನ ಅಲ್ಲ ಅಂತ ಒಬ್ಬರು ಹೇಳಿದರಲ್ಲ, ಅದಕ್ಕೆ.

ಇನ್ನೊಂದು ಮಾತು ಇದೆ. ಇದನ್ನು ಬರೆಯಬೇಕೋ ಬೇಡವೋ ಅಂತ ಬೆಳಿಗ್ಗೆಯಿಂದ ತೂಗುತ್ತಿದ್ದೇನೆ. ನನ್ನ ಅಣ್ಣನಿಗೂ ಇದೇ ಕ್ಯಾನ್ಸರ್ ಆಗಿತ್ತು, ನನಗಿಂತ ಎಂಟು ವರ್ಷ ಮೊದಲು. ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಅಪಾಯ ಸುಮಾರು ಎರಡು ಪಟ್ಟು ಅಂತ ಆಗ ನನಗೆ ಗೊತ್ತಿರಲಿಲ್ಲ. ಚಿಕಿತ್ಸೆ ಮುಗಿದ ಮೇಲೆ ಅವನು ಒಂದು ಸಂಜೆ "ಏನೂ ಬೇಡ ಅನಿಸುತ್ತೆ ಕಣೋ, ಮೈಯಲ್ಲಿ ಕಸುವೇ ಇಲ್ಲ" ಅಂದ. ನಾನು ಟಿವಿ ನೋಡುತ್ತಿದ್ದೆ. ತಲೆ ತಿರುಗಿಸದೆ "ಜೀವ ಉಳಿದಿದೆಯಲ್ಲ ಬಿಡೋ" ಅಂದೆ. ಆಮೇಲೆ ಅವನು ನನ್ನ ಹತ್ತಿರ ಆ ಮಾತು ಎತ್ತಲೇ ಇಲ್ಲ. ಈಗಷ್ಟೇ ಅವನಿಗೆ ಫೋನ್ ಮಾಡಿದೆ. ಆ ಸಂಜೆ ಅವನಿಗೂ ನೆನಪಿದೆ.

ಬೆಳಿಗ್ಗೆ ಹೊರಡುವಾಗ ಆ ಫೈಲಿನವರು ಪೆನ್ನು ಚಾಚಿ "ಆ ಪರೀಕ್ಷೆಯ ಹೆಸರು ಬರೆದುಕೊಡಿ" ಅಂದರು. ಅವರ ಚೀಟಿಯ ಹಿಂದೆ ಬರೆದೆ: ಟೋಟಲ್ ಟೆಸ್ಟೋಸ್ಟೆರಾನ್, ಬೆಳಿಗ್ಗೆ ಬೇಗ, ಎರಡು ಬೇರೆ ದಿನ. ಕೆಳಗೆ ನನ್ನ ನಂಬರು ಬರೆದೆ. ಅವರು ಅದನ್ನು ಫೈಲಿಗೆ ಸೇರಿಸಲಿಲ್ಲ. ಮಡಿಸಿ ಜೇಬಿಗೆ ಹಾಕಿಕೊಂಡರು.