ರಿಬ್ಬನ್ ಚುಚ್ಚಿ ಕಳಿಸಿದ್ರೆ ಆಗೋಯ್ತಾ?

ಇವತ್ತು ಡಿಸೆಂಬರ್ ಒಂದು ಅಲ್ವಾ, ಅಕ್ಕನ ಮಗಳ ಕಾಲೇಜಲ್ಲಿ ಏಡ್ಸ್ ದಿನದ ಕಾರ್ಯಕ್ರಮಕ್ಕೆ ಹೋಗಿದ್ದೆ, ತಲೆ ಕೆಡಿಸ್ಕೊಂಡು ಬಂದೆ. ಜಾಥಾ ಆಯ್ತು, ರಂಗೋಲಿಯಲ್ಲಿ ಕೆಂಪು ರಿಬ್ಬನ್ ಆಯ್ತು, ಎನ್ನೆಸ್ಸೆಸ್ ಹುಡುಗರು ಬೋರ್ಡ್ ಹಿಡ್ಕೊಂಡು ಬಿಸಿಲಲ್ಲಿ ಬೆಂದಿದ್ದೂ ಆಯ್ತು. ಆಮೇಲೆ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಸಚ್ಚಾರಿತ್ರ್ಯದ ಬಗ್ಗೆ ಕೊರೆದ್ರು. ಕಾಂಡೋಮ್ ಎಲ್ಲಿ ಸಿಗುತ್ತೆ, ಟೆಸ್ಟ್ ಎಲ್ಲಿ ಮಾಡ್ತಾರೆ, ಎಡವಟ್ಟಾದ್ರೆ ಎಷ್ಟು ಹೊತ್ತಿನ ಒಳಗೆ ಆಸ್ಪತ್ರೆಗೆ ಓಡಬೇಕು, ಒಂದಾದ್ರೂ ಬಂತಾ? ಇಲ್ಲ. ವಂದನಾರ್ಪಣೆ, ಲಾಡು, ಖಾರಾಬೂಂದಿ.

ಇನ್ನೇನು ಎಕ್ಸಾಮ್ ಮುಗಿದು ರಜೆ. ಒಂದಷ್ಟು ಮಕ್ಕಳು ಫ್ರೆಂಡ್ ಮನೆ ಅಂತ ಹೇಳಿ ಗೋಕರ್ಣಕ್ಕೆ ಹೋಗ್ತಾರೆ, ನ್ಯೂ ಇಯರ್ ಅಂದ್ಮೇಲೆ ಕುಡಿಯೋದೂ ಇರುತ್ತೆ, ಕುಡಿದ ಮೇಲೆ ಅತಿಥಿಗಳ ಭಾಷಣ ಯಾರಿಗೆ ನೆನಪಿರುತ್ತೆ ಹೇಳಿ. ಆವಾಗ ಜೇಬಲ್ಲಿ ಒಂದು ಪ್ಯಾಕೆಟ್ ಇದ್ರೆ ಅದು ಕೆಲಸಕ್ಕೆ ಬರುತ್ತೆ. ಅದನ್ನೂ ತಿಂಗಳುಗಟ್ಟಲೆ ಪರ್ಸಲ್ಲಿ ಇಟ್ಟು ಬಿಸಿಗೆ ಹಾಳು ಮಾಡಬಾರದು, ಎಕ್ಸ್‌ಪೈರಿ ನೋಡಬೇಕು, ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಿದ್ರೆ ಲೇಟೆಕ್ಸ್ ಹರಿಯುತ್ತೆ. ಹಾಂ, ಬೀಚಲ್ಲಿ ಟ್ಯಾಟೂ ಹಾಕಿಸ್ಕೊಳ್ಳೋರು ಹೊಸ ಸೂಜಿ ಕಣ್ಣೆದುರೇ ಬಿಚ್ಚಿಸಿ. ಇಂಜೆಕ್ಷನ್ ನಶೆ ಮಾಡೋ ಗುಂಪಲ್ಲಿ ಸಿರಿಂಜ್ ಹಂಚಿಕೊಳ್ಳೋದಂತೂ ವೈರಸ್ಸನ್ನ ನೇರ ರಕ್ತಕ್ಕೇ ಬಿಟ್ಕೊಂಡ ಹಾಗೆ. ಇಷ್ಟು ಹೇಳೋಕೆ ಐದು ನಿಮಿಷ ಸಾಕು ಕಣ್ರೀ.

ನಾನು ಐಸಿಟಿಸಿಯಲ್ಲಿ, ಅಂದ್ರೆ ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡೋ ಕೇಂದ್ರದಲ್ಲಿ, ಕೌನ್ಸೆಲರ್ ಆಗಿದ್ದವಳು ಅಂತ ಹಳಬರಿಗೆ ಗೊತ್ತೇ ಇದೆ. ಅಲ್ಲಿಗೆ ಬರ್ತಿದ್ದ ಕಾಲೇಜು ಹುಡುಗರು ಮೊದಲು ಕೇಳ್ತಿದ್ದಿದ್ದು ಕಾಯಿಲೆ ಬಗ್ಗೆ ಅಲ್ಲ, "ಮೇಡಂ, ಮನೆಗೆ ಗೊತ್ತಾಗುತ್ತಾ?" ಅಂತ. ಗೊತ್ತಾಗಲ್ಲ ಮಗಾ. 18 ದಾಟಿದ್ರೆ ಅಪ್ಪ ಅಮ್ಮನ ಸಹಿ ಬೇಡ. 2017ರ ಎಚ್‌ಐವಿ ಕಾಯ್ದೆ ಇದೆ, 2018ರ ಸೆಪ್ಟೆಂಬರಲ್ಲಿ ಜಾರಿಗೆ ಬಂತು, ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡೋ ಹಾಗಿಲ್ಲ, ರಿಸಲ್ಟನ್ನ ಆಸ್ಪತ್ರೆಯವರು ಇನ್ನೊಬ್ಬರಿಗೆ ಹೇಳೋ ಹಾಗೂ ಇಲ್ಲ. ಊರಿನ ತಾಲೂಕು ಆಸ್ಪತ್ರೆಯಲ್ಲಿ ಲ್ಯಾಬಿನವರು ಮಾವನ ಫ್ರೆಂಡು ಅಂತ ಭಯ ಆದ್ರೆ ಬೇರೆ ಊರಲ್ಲಿ ಮಾಡಿಸಿ, ಸರ್ಕಾರಿ ಐಸಿಟಿಸಿಯಲ್ಲಿ ಎಲ್ಲಿ ಹೋದ್ರೂ ಫ್ರೀ. ಆದ್ರೆ ಒಂದು ವಿಷಯ, ರಾತ್ರಿ ಆಗಿದ್ದಕ್ಕೆ ಬೆಳಿಗ್ಗೆ ಟೆಸ್ಟ್ ಮಾಡಿಸಿ ನೆಗೆಟಿವ್ ಬಂತು ಅಂತ ಕುಣೀಬೇಡಿ, ಅಷ್ಟು ಬೇಗ ಅದು ಕಾಣಿಸಲ್ಲ, ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಬೇಕು.

ಮತ್ತೆ ಪೆಪ್, ಅಂದ್ರೆ ಎಡವಟ್ಟಾದ ಮೇಲೆ ಎಚ್‌ಐವಿ ಅಂಟದ ಹಾಗೆ ತಗೊಳ್ಳೋ ತುರ್ತು ಮಾತ್ರೆ. ಇದರ ಹೆಸರು ಕೇಳಿದವರು ಇವತ್ತು ಆ ಹಾಲಲ್ಲಿ ಒಬ್ಬರೂ ಇರಲಿಲ್ಲ, ನಾನೇ ಊಟದ ಹೊತ್ತಲ್ಲಿ ಹುಡುಗೀರನ್ನ ಕೇಳಿದೆ. ಕಾಂಡೋಮ್ ಹರೀತು, ಅಥವಾ ಯಾರಾದ್ರೂ ಬಲವಂತ ಮಾಡಿದ್ರು ಅಂದ್ರೆ 72 ಗಂಟೆ ಒಳಗೆ ದೊಡ್ಡಾಸ್ಪತ್ರೆಗೆ ಹೋಗಿ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಡಾಕ್ಟರ್ ನೋಡಿ 28 ದಿನದ ಮಾತ್ರೆ ಶುರು ಮಾಡ್ತಾರೆ. 72 ಗಂಟೆ ದಾಟಿದ್ರೆ ಅದು ಉಪಯೋಗಕ್ಕೆ ಬರಲ್ಲ. ರಜೆ ಮುಗಿಸಿ ಬಂದು ಲೈಬ್ರರಿ ಮೂಲೇಲಿ ಕೂತು ಗೂಗಲ್ ಮಾಡಿದ್ರೆ ಏನ್ ಬಂತು?

ಇದೆಲ್ಲ ಹೇಳಿದ್ರೆ ಮಕ್ಕಳಿಗೆ ನಾವೇ ದಾರಿ ತೋರಿಸಿದ ಹಾಗಾಗುತ್ತೆ ಅಂತ ಒಬ್ಬ ಪ್ರೊಫೆಸರ್ ನನಗೇ ಬುದ್ಧಿ ಹೇಳಿದ್ರು. ಅಯ್ಯೋ ಸಾರ್, ನೀವು ತೋರಿಸೋ ದಾರಿಗೆ ಕಾಯ್ತಾ ಕೂತಿದಾರಾ ಅವರು? ಕೈಯಲ್ಲಿ ಫೋನಿದೆ. ಲೈಂಗಿಕ ಶಿಕ್ಷಣ ಕೊಟ್ರೆ ಮಕ್ಕಳು ಬೇಗ ಶುರು ಹಚ್ಕೊಳ್ತಾರೆ ಅನ್ನೋದಕ್ಕೆ ಆಧಾರ ಇಲ್ಲ ಅಂತ ಯುನೆಸ್ಕೋನೇ ಹೇಳಿದೆ. ಮುಂದೆ ಹಾಕ್ತಾರೆ ಅನ್ನೋದಕ್ಕೆ ಬೇಕಾದ್ರೆ ಇದೆ. ಆದ್ರೂ ಸಾರ್‌ಗೆ ಸಂಸ್ಕೃತಿ ಚಿಂತೆ.

ನನಗ್ಯಾಕೆ ಇಷ್ಟು ಉರಿ ಅಂದ್ರೆ, ಇದನ್ನ ಇಲ್ಲಿ ಯಾವತ್ತೂ ಬರೆದಿಲ್ಲ, ನಮ್ಮ ಚಿಕ್ಕಪ್ಪ ಹೋಗಿದ್ದು ಇದ್ರಲ್ಲೇ. ಸರ್ಕಾರದ ಫ್ರೀ ಎಆರ್‌ಟಿ, ಅಂದ್ರೆ ಎಚ್‌ಐವಿ ಹತೋಟಿಯಲ್ಲಿಡೋ ಮಾತ್ರೆ, ಶುರುವಾಗಿದ್ದು 2004ರಲ್ಲಿ, ಅವರು ಅದಕ್ಕಿಂತ ಮುಂಚೆ. ನೆಂಟರಿಗೆಲ್ಲ ಟಿಬಿ ಅಂತ ಹೇಳಿದ್ವಿ, ಚಿಕ್ಕಮ್ಮ ಇವತ್ತಿಗೂ ಟಿಬಿ ಅಂತಾನೇ ಹೇಳ್ತಾರೆ. ಈಗ ದಿನಕ್ಕೊಂದು ಮಾತ್ರೆ ತಗೊಂಡು ಮದುವೆ, ಮಕ್ಕಳು, ಕೆಲಸ ಅಂತ ಆರಾಮಾಗಿರೋರನ್ನ ನಾನೇ ನೋಡಿದೀನಿ. ಸರಿಯಾಗಿ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಮ್ಮಿ ಆಗಿ ಹಾಗೇ ಉಳಿದ್ರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಹರಡೋದೂ ಇಲ್ಲ. ಇಂಥ ಖುಷಿ ವಿಷಯಾನಾದ್ರೂ ಹೇಳಬಹುದಿತ್ತಲ್ಲ! ಅದು ಬಿಟ್ಟು ಪೋಸ್ಟರ್ ಮೇಲೆ ತಲೆಬುರುಡೆ.

ಹಾಸ್ಟೆಲ್ ಮಕ್ಕಳಿರೋರು ಏಡ್ಸ್ ಸಹಾಯವಾಣಿ 1097 ಸೇವ್ ಮಾಡಿಸಿ, ಟೋಲ್ ಫ್ರೀ, ಹೆಸರು ಹೇಳಬೇಕಾಗಿಲ್ಲ. ಕಾಲೇಜಿನವರು ನನ್ನ ಫ್ರೆಂಡ್ ಲಿಸ್ಟಲ್ಲಿ ಸುಮಾರು ಜನ ಇದೀರಿ, ರಜೆಗೆ ಮುಂಚೆ ಕರೀರಿ, ಬರ್ತೀನಿ. ಶಾಲು ಹಾರ ಬೇಡ. ಅರ್ಧ ಗಂಟೆ ಮೈಕ್ ನನ್ನ ಕೈಗೆ ಕೊಟ್ಟು ಲೆಕ್ಚರರ್‌ಗಳೆಲ್ಲ ಕ್ಯಾಂಟೀನಿಗೆ ಹೋಗಿ ಟೀ ಕುಡೀತಿದ್ರೆ ಸಾಕು.