ಬಾಗಿಲು ಹಾಕಿದ ಮೇಲೆ ಮೀಟರ್ ಶುರು

ಮತ್ತೆ ಅದೇ ರಾಗ. ಅಮೆರಿಕದ ಸಣ್ಣ ಊರುಗಳಿಗೆ ವಿಮಾನ ನಿಂತುಹೋಗುತ್ತಿದೆಯಂತೆ, ಪೈಲಟ್‌ಗಳ ಕೊರತೆಯಂತೆ. ದೊಡ್ಡ ಕಂಪನಿಗಳ ಪರವಾಗಿ ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಚಿಕ್ಕ ಕಂಪನಿಗಳ, ಅಂದರೆ ರೀಜನಲ್ ಏರ್‌ಲೈನ್‌ಗಳ, ಯಜಮಾನರು ಇದನ್ನು ಹೇಳುವ ಧಾಟಿ ನೋಡಿದರೆ ಪೈಲಟ್‌ಗಳು ಮಳೆ ಇದ್ದ ಹಾಗೆ, ಈ ವರ್ಷ ಕೈಕೊಟ್ಟಿತು, ಯಾರೇನು ಮಾಡೋಕಾಗುತ್ತೆ!

ತಪ್ಪೆಲ್ಲ 1,500 ಗಂಟೆ ಹಾರಾಟದ ಅನುಭವ ಬೇಕೆನ್ನುವ ನಿಯಮದ್ದಂತೆ. 2022ರಲ್ಲಿ ರಿಪಬ್ಲಿಕ್ ಏರ್‌ವೇಸ್ ಎಂಬ ರೀಜನಲ್ ಕಂಪನಿ ತನ್ನ ಶಾಲೆಯಲ್ಲಿ ಕಲಿತವರಿಗೆ 750 ಗಂಟೆ ಸಾಕು ಎಂದು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಬಾಗಿಲು ತಟ್ಟಿತು. ಆಗಲ್ಲ ಎಂಬ ಉತ್ತರ ಬಂತು. ಅನುಭವ ಅರ್ಧ ಮಾಡಿ ಎನ್ನುವುದಕ್ಕೆ ಅರ್ಜಿ ರೆಡಿ, ಸಂಬಳ ದುಪ್ಪಟ್ಟು ಮಾಡ್ತೀವಿ ಎನ್ನುವುದಕ್ಕೆ ಮಾತ್ರ ನಾಲಿಗೆ ಹೊರಳುವುದಿಲ್ಲ.

ಈ ಪೈಲಟ್‌ನ ಯಜಮಾನ ಯಾರು ಅನ್ನುವುದೇ ಒಂದು ಒಗಟು. ವಿಮಾನದ ಬಾಲಕ್ಕೆ ದೊಡ್ಡ ಕಂಪನಿಯ ಬಣ್ಣ, ಟಿಕೆಟ್ ಮಾರುವುದು ದೊಡ್ಡ ಕಂಪನಿ, ಯಾವ ಊರಿಗೆ ಎಷ್ಟು ಗಂಟೆಗೆ ಅಂತ ಹೇಳುವುದೂ ಅದೇ. ಹಾರಿಸುವವನ ಕಂಪನಿಯ ಹೆಸರು ಮಾತ್ರ ಟಿಕೆಟ್ಟಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ. ಸಂಬಳ ಜಾಸ್ತಿ ಕೇಳಿದರೆ ಚಿಕ್ಕ ಕಂಪನಿ ಹೇಳುತ್ತದೆ, ದೊಡ್ಡವರು ಕೊಡುವುದೇ ಇಷ್ಟು. ದೊಡ್ಡವರನ್ನು ಕೇಳಿದರೆ, ನೀವು ನಮ್ಮ ನೌಕರರೇ ಅಲ್ಲವಲ್ಲ!

ಎನ್ವಾಯ್, ಪೀಡ್‌ಮಾಂಟ್, ಪಿಎಸ್‌ಎ, ಈ ಮೂರೂ ಅಮೆರಿಕನ್ ಏರ್‌ಲೈನ್ಸ್‌ನ ಸ್ವಂತ ಕಂಪನಿಗಳು. ಆದರೂ ಕಡಿಮೆಗೆ ಯಾರು ಹಾರಿಸ್ತೀರಿ ಅಂತ ಅವುಗಳ ನಡುವೆಯೇ ಪೈಪೋಟಿ. 2013ರಲ್ಲಿ ಪಿಎಸ್‌ಎ ಪೈಲಟ್‌ಗಳು ಕಂಪನಿ ಕೇಳಿದ ಅಗ್ಗದ ಷರತ್ತುಗಳಿಗೆ ಒಪ್ಪಿದರು, ದೊಡ್ಡ ವಿಮಾನಗಳು ಅಲ್ಲಿಗೆ ಹೋದವು. 2014ರಲ್ಲಿ ಎನ್ವಾಯ್‌ನವರು ಒಲ್ಲೆ ಎಂದರು, ಹಾಗಾದರೆ ನಿಮ್ಮ ಕಂಪನಿಯನ್ನೇ ಕುಗ್ಗಿಸುತ್ತೇವೆ ಎಂಬ ಉತ್ತರ ಸಿಕ್ಕಿತು. ಇದಕ್ಕೆ ಅವರಿಟ್ಟ ಹೆಸರು ಮಾತುಕತೆ.

ಇನ್ನು ಮೀಟರ್ ವಿಚಾರ. ಬಹುಪಾಲು ಕಾಂಟ್ರ್ಯಾಕ್ಟ್‌ಗಳಲ್ಲಿ ಪೈಲಟ್ ಸಂಬಳದ ಗಂಟೆ ಲೆಕ್ಕ ಶುರುವಾಗುವುದು ಬಾಗಿಲು ಹಾಕಿ, ಬ್ರೇಕ್ ಬಿಟ್ಟು, ವಿಮಾನ ಗೇಟಿನಿಂದ ಕದಲಿದ ಮೇಲೆ. ಅದಕ್ಕೂ ಮುಂಚೆ ಚಳಿಯಲ್ಲಿ ಟಾರ್ಚ್ ಹಿಡಿದು ಸುತ್ತು ಹಾಕಿ ಟೈರು, ರೆಕ್ಕೆ ನೋಡುವುದು, ಹವಾಮಾನ ಓದುವುದು, ಇಂಧನದ ಲೆಕ್ಕ ಮಾಡುವುದು, ಇದೆಲ್ಲ ಬಹುಶಃ ಹವ್ಯಾಸ.

ಬೇಸರವಾದರೆ ಮುಷ್ಕರ ಹೂಡಬಹುದಲ್ವಾ? ಹೂಡಬಹುದು, ಆಯುಷ್ಯ ಗಟ್ಟಿಯಿರಬೇಕು ಅಷ್ಟೆ. ಅಮೆರಿಕದಲ್ಲಿ ವಿಮಾನದವರಿಗೆ ಅನ್ವಯಿಸುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆ. ಹೌದು, ರೈಲ್ವೆ. 1936ರಲ್ಲಿ ವಿಮಾನಗಳನ್ನೂ ಅದೇ ಹಳಿಯ ಮೇಲೆ ತಂದು ನಿಲ್ಲಿಸಿದರು. ಇದರಡಿ ಕಾಂಟ್ರ್ಯಾಕ್ಟ್‌ಗೆ ಸಾವೇ ಇಲ್ಲ. ತಾರೀಖು ಮುಗಿದರೂ ಹಳೇ ಸಂಬಳ, ಹಳೇ ಷರತ್ತು ನಡೆಯುತ್ತಲೇ ಇರುತ್ತವೆ. ಮಾತುಕತೆ ಮುರಿದರೆ ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಬರುತ್ತದೆ, ಅದಕ್ಕೆ ಗಡುವು ಇಲ್ಲ. ಇನ್ನು ನಿಮ್ಮ ದಾರಿ ನಿಮಗೆ ಎಂದು ಅದು ಕೈಬಿಟ್ಟ ಮೇಲೂ 30 ದಿನ ಮುಷ್ಕರ ಹೂಡದೆ ತಣ್ಣಗಾಗಬೇಕು. ಅಷ್ಟಾದ ಮೇಲೂ ಅಧ್ಯಕ್ಷರು ಅಡ್ಡ ಬರಬಹುದು. 1997ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಮುಷ್ಕರ ಶುರುಮಾಡಿದ ಕೆಲವೇ ನಿಮಿಷಕ್ಕೆ ಕ್ಲಿಂಟನ್ ತಡೆದರು. ಇಷ್ಟೆಲ್ಲ ದಾಟಿ ರೀಜನಲ್‌ನವರು ಮುಷ್ಕರ ಮಾಡಿದ್ದೂ ಉಂಟು, 2001ರಲ್ಲಿ ಕೋಮ್ಏರ್ ಪೈಲಟ್‌ಗಳು, 89 ದಿನ. 2012ರಲ್ಲಿ ಅದರ ಒಡೆಯ ಡೆಲ್ಟಾ ಆ ಕಂಪನಿಗೇ ಬೀಗ ಹಾಕಿತು.

ಅಂದ ಹಾಗೆ ಆ 1,500 ಗಂಟೆ ಸುಮ್ನೆ ಬಂದದ್ದಲ್ಲ. 2009ರ ಫೆಬ್ರವರಿಯಲ್ಲಿ ಕೋಲ್ಗನ್ ಏರ್ ವಿಮಾನ ಬಫಲೋ ಬಳಿ ಬಿದ್ದು 50 ಜನ ಸತ್ತರು. ಟಿಕೆಟ್‌ನಲ್ಲಿದ್ದ ದೊಡ್ಡ ಹೆಸರು ಕಾಂಟಿನೆಂಟಲ್. ಸಹ ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ನ್ಯೂವಾರ್ಕ್‌ವರೆಗೆ ಬೇರೆ ವಿಮಾನಗಳಲ್ಲಿ ಕೂತು ಬಂದಿದ್ದಳು, ಕೆಲಸದ ಊರಲ್ಲಿ ಮನೆ ಮಾಡುವಷ್ಟು ಸಂಬಳ ಇರಲಿಲ್ಲ. ವಿಚಾರಣೆಯಲ್ಲಿ ಅವಳ ಸಂಬಳ ವರ್ಷಕ್ಕೆ ಸುಮಾರು 16,000 ಡಾಲರ್ ಎಂಬ ಲೆಕ್ಕ ಬಂತು. ಇಲ್ಲ, 24,000 ಹತ್ತಿರ ಎಂದು ಕಂಪನಿ ತಿದ್ದಿತು. 50 ಹೆಣಗಳ ಮುಂದೆ ನಿಂತು ಈ ತಿದ್ದುಪಡಿ. ಇದರಲ್ಲಿ ತಮಾಷೆ ಮಾಡೋಕೆ ನನಗೇನೂ ಸಿಗುತ್ತಿಲ್ಲ. ಆ ಸಾವುಗಳಿಂದ ಬಂದ ನಿಯಮವನ್ನೇ ಈಗ ಅಡ್ಡಿ ಎನ್ನುತ್ತಾರೆ, ನಾಚಿಕೆಯೂ ಇಲ್ಲದೆ.

ಸಂಬಳಕ್ಕೆ ದುಡ್ಡೇ ಇಲ್ಲ ಎನ್ನುತ್ತಿದ್ದವರಿಗೆ 2022ರಲ್ಲಿ ದುಡ್ಡು ಸಿಕ್ಕಿತು. ಪೈಲಟ್‌ಗಳು ದೊಡ್ಡ ಕಂಪನಿಗಳಿಗೆ ಹೊರಟುಹೋಗಿ ವಿಮಾನಗಳು ನೆಲದಲ್ಲೇ ನಿಂತಾಗ, ಅಮೆರಿಕನ್‌ನ ಆ ಸ್ವಂತ ಕಂಪನಿಗಳಲ್ಲಿ ಹೊಸ ಸಹ ಪೈಲಟ್‌ಗೆ ಗಂಟೆಗೆ 90 ಡಾಲರ್ ಆಯಿತು. ಮಂಡಳಿಯೂ ಬೇಕಾಗಲಿಲ್ಲ, 30 ದಿನವೂ ಬೇಕಾಗಲಿಲ್ಲ. ಆದರೆ ಆ ಏರಿಕೆಯಲ್ಲಿ ಒಂದು ಪಾಲು ತಾತ್ಕಾಲಿಕ, 2024ರ ಆಗಸ್ಟ್‌ವರೆಗೆ ಎಂದು ಆಗ ಒಪ್ಪಂದದಲ್ಲಿತ್ತು. ಕಷ್ಟ ಬಂದಾಗ ಕೊಟ್ಟದ್ದನ್ನು ಕಷ್ಟ ತೀರಿದ ಮೇಲೆ ವಾಪಸ್ ಪಡೆಯುವ ದಾರಿಯನ್ನು ಸಹಿ ಹಾಕಿದ ದಿನವೇ ಬರೆದಿಟ್ಟುಕೊಂಡಿದ್ದರು.