ಸಹಜವಾಗಿ ನಗಿ, ಇನ್ನೊಂದ್ಸಲ

"ನಮಗೆ ಪೋಸ್ ಗೀಸ್ ಎಲ್ಲ ಬೇಡ ಸಾರ್, ಪೂರ್ತಿ ಕ್ಯಾಂಡಿಡ್ ಇರ್ಲಿ" ಎಂದು ಅಡ್ವಾನ್ಸ್ ಕೊಟ್ಟು ಹೋಗಿದ್ದ ಮದುಮಗಳು ವರಪೂಜೆಯ ಸಂಜೆ ನನ್ನನ್ನು ಪಕ್ಕಕ್ಕೆ ಕರೆದಳು. "ನಾನೀಗ ಕಿಟಕಿ ಕಡೆ ನೋಡ್ಕೊಂಡು ಏನೋ ನೆನಪಾದ ಹಾಗೆ ನಗ್ತೀನಿ. ನೀವು ನನಗೆ ಗೊತ್ತಾಗದ ಹಾಗೆ ತೆಗೀರಿ." ತೆಗೆದೆ. ಕ್ಯಾಮೆರಾ ಇಸ್ಕೊಂಡು ನೋಡಿದಳು. "ಎಡಗಡೆ ಕೆನ್ನೆ ದಪ್ಪ ಕಾಣುತ್ತೆ. ಇನ್ನೊಂದ್ಸಲ ಗೊತ್ತಾಗದ ಹಾಗೆ ತೆಗೀರಿ." ಹನ್ನೊಂದು ಸಲ ಅವಳಿಗೆ ಗೊತ್ತಾಗದ ಹಾಗೆ ತೆಗೆದೆ. ಹನ್ನೆರಡನೆಯದಕ್ಕೆ ಅವಳಿಗೆ ನಿಜವಾಗಿಯೂ ಏನೋ ನೆನಪಾಯಿತು, ಬ್ಯೂಟಿಷಿಯನ್‌ಗೆ ದುಡ್ಡು ಕೊಟ್ಟಿರಲಿಲ್ಲವಂತೆ. ಎದ್ದು ಓಡಿದಳು.

ತಿಪಟೂರಿನಲ್ಲಿ ನಮ್ಮ ಸ್ಟುಡಿಯೋ ಅಪ್ಪನ ಕಾಲದ್ದು. ಅಪ್ಪನಿಗೆ ಈ ಸಹಜದ ಕಾಟ ಇರಲಿಲ್ಲ. ಒಂದು ರೀಲಿಗೆ 36 ಫೋಟೋ, ಹುಷಾರಾಗಿ ಸುತ್ತಿದರೆ 37, ದೇವರು ದೊಡ್ಡವನಾದರೆ 38. ಮದುವೆಗೆ ಮೂರು ರೀಲು. ಅಷ್ಟರಲ್ಲಿ ಧಾರೆಯೂ ಆಗಬೇಕು, ಬೀಗರೂ ಬೀಳಬೇಕು. ಹಾಗಾಗಿ ಎಲ್ಲರನ್ನೂ ಕಂಬದ ಹಾಗೆ ನಿಲ್ಲಿಸಿ, "ನಗಬೇಡಿ, ಅಲ್ಲಾಡ್ತೀರಿ" ಎಂದು ಗದರುತ್ತಿದ್ದರು. ಮುಯ್ಯಿ ಕವರು ಹಿಡಿದು ಸ್ಟೇಜಿಗೆ ಹತ್ತುವ ದೂರದ ನೆಂಟರಿಗೆಲ್ಲ ಬರೀ ಫ್ಲ್ಯಾಶ್ ಹೊಡೆದು ಕಳಿಸುತ್ತಿದ್ದರು, ರೀಲು ಖರ್ಚಾಗುತ್ತಿರಲಿಲ್ಲ. ಅರ್ಧ ತಾಲ್ಲೂಕು ಇವತ್ತಿಗೂ ಆ ಫೋಟೋಗಳಿಗಾಗಿ ಕಾಯುತ್ತಿದೆ. ಸಂತೆಯಲ್ಲಿ ಸಿಕ್ಕರೆ ನನ್ನನ್ನು ಕೇಳುತ್ತಾರೆ.

ನಾನು ಒಂದು ಮದುವೆಗೆ 3000 ಫೋಟೋ ತೆಗೆಯುತ್ತೇನೆ. ಭಾವನೆ ಮಾತ್ರ ಅಪ್ಪನ ರೀಲಿನಷ್ಟೂ ಸಿಗುವುದಿಲ್ಲ.

ಮದುವೆ ಮನೆಯಲ್ಲಿ ಭಾವನೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅದಕ್ಕೂ ನನ್ನ ಲೆನ್ಸಿಗೂ ನಡುವೆ ಒಬ್ಬ ಸೋದರಮಾವ ನಿಂತಿರುತ್ತಾನೆ. ಇದೇ ಮದುವೆಯನ್ನು ತಗೊಳ್ಳಿ. ವೈಶಾಖ ಮಾಸ, ಬೆಳಗ್ಗೆ 9.30ರಿಂದ 10.30ರ ಮಿಥುನ ಲಗ್ನ. ಅಂತರಪಟದ ಆ ಕಡೆ ಹುಡುಗಿ, ಈ ಕಡೆ ಹುಡುಗ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ ಇಟ್ಟ ವೀಳ್ಯದೆಲೆ. ಆರು ತಿಂಗಳಿಂದ ಹಗಲೂ ರಾತ್ರಿ ವಾಟ್ಸಾಪಿನಲ್ಲಿ ಹರಟಿದವರು, ಆ ಬಟ್ಟೆ ಸರಿದಾಗ ಮಾತ್ರ ಮೊದಲ ಸಲ ಕಂಡವರ ಹಾಗೆ ಕಣ್ಣು ಬಿಡುತ್ತಾರೆ. ಅರ್ಧ ಸೆಕೆಂಡು ಅಷ್ಟೆ. ಅದನ್ನು ಹೇಳಿಕೊಟ್ಟು ಮಾಡಿಸಲು ಯಾರ ಕೈಲೂ ಆಗುವುದಿಲ್ಲ. ನನ್ನ ಕಸುಬಿನ ಮರ್ಯಾದೆಯೆಲ್ಲ ಅದರಲ್ಲೇ ಇದೆ. 85 ಎಂ.ಎಂ. ಲೆನ್ಸ್ ಹಾಕಿ, ಉಸಿರು ಹಿಡಿದು, ಒಂದು ಮೊಣಕಾಲೂರಿ ಕೂತೆ.

ಪುರೋಹಿತರು "ಸುಮುಹೂರ್ತೇ ಸಾವಧಾನ" ಎಂದರು. ಯಾರೋ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದರು. ನಾಲ್ಕೂ ದಿಕ್ಕಿನಿಂದ ಅಕ್ಷತೆ ಆಲಿಕಲ್ಲಿನ ಹಾಗೆ ಬಂತು. ಒಂದು ಕಾಳು ಸೀದಾ ನನ್ನ ಬಲಗಣ್ಣಿಗೆ. ಆದರೂ ಬೆರಳು ಬಿಡಲಿಲ್ಲ, ಒತ್ತಿದ್ದೇ ಒತ್ತಿದ್ದು. ಆಮೇಲೆ ನೋಡಿದರೆ ಹದಿನಾಲ್ಕು ಫ್ರೇಮಿನಲ್ಲೂ ಸೋದರಮಾವನ ಬೆನ್ನು. ಕಾಲರಿನಲ್ಲಿ ಅಂಗಡಿಯ ಚೀಟಿ ಹಾಗೇ ನೇತಾಡುತ್ತಿತ್ತು, 42 ಸೈಜು. ಫೋಕಸ್ ಮಾತ್ರ ಅದ್ಭುತ, ಚೀಟಿಯ ದಾರದ ಎಳೆ ಎಣಿಸಬಹುದು. ಮದುಮಕ್ಕಳು ಕಾಣುವುದು ಆತ ಎತ್ತಿ ಹಿಡಿದ ಮೊಬೈಲಿನೊಳಗೆ, ಹೆಬ್ಬೆಟ್ಟಿನಷ್ಟು.

ಮಾನ ಬಿಟ್ಟು ಪುರೋಹಿತರ ಹತ್ತಿರ ಹೋಗಿ, "ಸ್ವಾಮಿ, ಅಂತರಪಟ ಇನ್ನೊಂದ್ಸಲ ಹಿಡಿಯಬಹುದಾ?" ಎಂದೆ. ಕನ್ನಡಕದ ಮೇಲಿನಿಂದ ನೋಡಿ, "ಹಿಡಿಯೋಣ ಅದಕ್ಕೇನಂತೆ. ಮಿಥುನ ಲಗ್ನ ಮತ್ತೆ ಬರೋದು ನಾಳೆ ಬೆಳಗ್ಗೆ. ಛತ್ರ ಖಾಲಿ ಇದೆಯಾ ಕೇಳ್ಕೊಂಡು ಬಾ" ಎಂದರು.

ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 1977ರಲ್ಲಿ ಪದ್ಮಶ್ರೀ ಬಂದದ್ದಕ್ಕಲ್ಲ. ಅವರ ಚಿತ್ರದ ಮಕ್ಕಳು, ಮುದುಕರು, ಬೀದಿಯ ಜನ ಎದುರಿಗೊಂದು ಕ್ಯಾಮೆರಾ ಇದೆ ಎಂಬುದೇ ತಿಳಿಯದಂತೆ ತಮ್ಮ ಪಾಡಿಗೆ ಬದುಕುತ್ತಿರುತ್ತಾರೆ. ಹೇಗೆ ಸಾಧ್ಯವಾಯಿತೋ. ಅವರು ಛತ್ರದಲ್ಲಿ ನಿಂತು ತೆಗೆದಿದ್ದರೆ ತಿಳಿಯುತ್ತಿತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ನಿಜವಾದ ಭಾವನೆ ಬೇಕೆಂದರೆ ಊಟದ ಹಾಲಿಗೆ ಹೋಗಬೇಕು. ಎರಡನೇ ಹೋಳಿಗೆ ಹಾಕದೆ ಬಡಿಸುವವನು ಮುಂದಿನ ಎಲೆಗೆ ದಾಟಿದಾಗ ಮನುಷ್ಯನ ಮುಖದಲ್ಲಿ ಮೂಡುವ ನೋವಿದೆಯಲ್ಲ, ಯಾವ ಮಂಟಪದಲ್ಲೂ ಅದು ಸಿಗದು. ಅಂಥದ್ದೊಂದನ್ನು ಹಿಡಿದೆ. ಅವರು ಗಂಡಿನ ದೊಡ್ಡಪ್ಪ ಎಂದು ತಿಳಿದದ್ದು, "ನನ್ನ ಹಲ್ಲು ಸೆಟ್ಟೂ ಬಂದೈತಾ ನೋಡು, ಬಂದಿದ್ರೆ ಅಳಿಸು" ಎಂದು ಕೈ ತೊಳೆಯುವ ಜಾಗದ ತನಕ ಹಿಂದೆಯೇ ಬಂದಾಗ. ಡ್ರೋನ್ ಕಥೆ ಬಿಡಿ. ನಮ್ಮೂರಲ್ಲಿ ಡ್ರೋನ್ ಹಾರಿಸಿದರೆ ಅದು ತೆಂಗಿನ ಗರಿಗೆ ಸಿಕ್ಕಿಕೊಳ್ಳುವುದೇ. ಇಳಿಸಲು ಮರ ಹತ್ತಿದವನು ಜೊತೆಗೆ ನಾಲ್ಕು ಎಳನೀರೂ ಕೆಡವಿ, ಐದಕ್ಕೂ ಸೇರಿಸಿ ಲೆಕ್ಕ ಹೇಳಿದ.

ಹುಡುಗಿಯ ಅಪ್ಪ ತೋಟದವರು, ಮಾತು ಕಮ್ಮಿ. ಎರಡು ದಿನ ಅವರ ಬೆನ್ನು ಹತ್ತಿದ್ದೆ. ಕ್ಯಾಮೆರಾ ತಿರುಗಿಸಿದೆನೋ ಇಲ್ಲವೋ, ತಟಕ್ಕನೆ ಆಧಾರ್ ಕಾರ್ಡಿನ ಮುಖ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ಕಡೆಗೆ ಲಾಜಾಹೋಮದ ಹೊತ್ತಿಗೆ ಸಿಕ್ಕರು. ಮಗಳು ಬೊಗಸೆಯಿಂದ ಅರಳು ಸುರಿಯುತ್ತಿದ್ದಾಳೆ, ಅಪ್ಪ ಶಲ್ಯದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನೆಲಕ್ಕೆ ಬಿದ್ದು ಇಪ್ಪತ್ತು ಫ್ರೇಮ್ ತೆಗೆದೆ. ನನಗೇ ಗಂಟಲು ಕಟ್ಟಿತು.

ಸಂಜೆ ಹೆಣ್ಣು ಕಳಿಸಿದ್ದಾಯಿತು. ಛತ್ರದಲ್ಲಿ ಕುರ್ಚಿ ಎತ್ತುವ ಸದ್ದು. ಫ್ಲ್ಯಾಶಿಗೆ ಬೇರೆ ಸೆಲ್ ಹಾಕಿ, ಹತ್ತುತ್ತದೋ ಇಲ್ಲವೋ ಎಂದು ಓಣಿಯ ಕಡೆ ಹಿಡಿದು ಒಂದು ಒತ್ತಿದೆ. ಹುಡುಗಿಯ ರೂಮಿನ ಬಾಗಿಲು, ಅರ್ಧಕ್ಕೆ ಕಂಬ ಅಡ್ಡ, ಎಲ್ಲ ವಾರೆ. ಬಾಗಿಲಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತ ಹಾಗಿತ್ತು. ಪರೀಕ್ಷೆಗೆ ತೆಗೆದದ್ದು ತಾನೇ, ಬೇಡದವುಗಳ ಫೋಲ್ಡರಿಗೆ ತಳ್ಳಿದೆ.

ಫೋಟೋ ಆರಿಸಲು ಬಂದ ಹುಡುಗಿ ಆ ಫೋಲ್ಡರನ್ನೂ ತೆರೆಸಿದಳು. ತನ್ನ ಫೋಟೋಗಳನ್ನು ಕೆನ್ನೆಯ ಲೆಕ್ಕದಲ್ಲಿ ಹೊಡೆದು ಹಾಕುತ್ತ ಬಂದವಳು ಇದೊಂದಕ್ಕೆ ನಿಂತಳು. ದೊಡ್ಡದು ಮಾಡಿಸಿದಳು. ಅವಳ ಅಪ್ಪ. ತಾಂಬೂಲದ ಚೀಲದಿಂದ ತೆಂಗಿನಕಾಯಿ ತೆಗೆದು ನೆಲದ ಮೇಲಿಟ್ಟಿದ್ದಾರೆ, ಮಗಳು ಬಿಟ್ಟು ಹೋದ ನೀಲಿ ಹವಾಯಿ ಚಪ್ಪಲಿಯನ್ನು ಆ ಚೀಲಕ್ಕೆ ಹಾಕುತ್ತಿದ್ದಾರೆ. ಒಂದು ಒಳಗೆ ಹೋಗಿದೆ. ಇನ್ನೊಂದು ಕೈಯಲ್ಲಿದೆ, ಹೆಬ್ಬೆರಳಿನಿಂದ ಮಣ್ಣು ಒರೆಸುತ್ತಿದ್ದಾರೆ.

"ಇದನ್ನ ಹಾಕಿ."

"ಶೇಕ್ ಆಗಿದೆ ಮೇಡಂ. ಕಂಬ ಬೇರೆ…"

"ಹಾಕಿ."

ಆಲ್ಬಂ ತಗೊಂಡು ಹೋಗಲು ಅಪ್ಪನೇ ಬಂದರು. ಅಂಗೈ ಪಂಚೆಗೆ ಒರೆಸಿಕೊಂಡು ಒಂದೊಂದೇ ಹಾಳೆ ತಿರುವಿದರು. ನನ್ನ ಹೆಮ್ಮೆಯ ಹೋಮದ ಫೋಟೋ ಎರಡು ಪುಟಕ್ಕೆ ಹರಡಿತ್ತು. ಡಿಸೈನ್ ಹುಡುಗ ಸುತ್ತ ಗುಲಾಬಿ ದಳ ಉದುರಿಸಿ, 'ತಂದೆಯ ಕಣ್ಣೀರು' ಎಂದು ಚಿನ್ನದ ಅಕ್ಷರದಲ್ಲಿ ಬರೆದಿದ್ದ.

"ಇದು ಹೊಗೆ ಕಣಪ್ಪ" ಎಂದರು. "ಸೌದೆ ಹಸಿ ಇತ್ತು. ಅಯ್ನೋರೂ ಒರೆಸ್ಕೊಂತಿದ್ರಲ್ಲ, ಅವರೆಲ್ಲಿ?"

ಅಯ್ಯನವರನ್ನೂ ಮದುಮಗನನ್ನೂ ಕ್ರಾಪ್ ಮಾಡಿದ್ದು ನಾನೇ. ಸುಮ್ಮನಿದ್ದೆ.

ಕೊನೆಯ ಹಾಳೆ ಬಂತು. ಬಹಳ ಹೊತ್ತು ತಿರುವಲಿಲ್ಲ. ಹೊರಗೆ ಯಾವುದೋ ಕೊಬ್ಬರಿ ಲಾರಿ ರಿವರ್ಸ್ ತಗೊಳ್ಳುತ್ತಿತ್ತು, ಅದು ಪೂರ್ತಿ ತಿರುಗಿ ಹೋಗುವವರೆಗೂ.

"ಚಪ್ಪಲಿ ಹಿಡಿದಿರೋದಕ್ಕೂ ಚಾರ್ಜ್ ಹಾಕಿದ್ಯಾ?"

"ಇಲ್ಲ ಯಜಮಾನ್ರೇ, ಅದು ಲೆಕ್ಕಕ್ಕಿಲ್ಲ. ಸರಿಯಾಗಿ ಬಂದಿಲ್ಲ."

"ಹಂಗಾರೆ ಇನ್ನೊಂದು ಕಾಪಿ ಹಾಕು. ಇದು ಅವಳ ಮನೆಗೆ ಹೋಗ್ತದೆ."